ಮಾನವ ಚರ್ಮದ ರಚನೆ ಮತ್ತು ಕಾರ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಮದ ಬಗ್ಗೆ ಬರುವ ಪ್ರಶ್ನೆಗಳು ಬಗೆಬಗೆಯವಾದರೂ ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಹೊಳೆಯುವುದು ‘ಎಷ್ಟು ಆಳದಲ್ಲಿ?’ ಎಂದು ವಿಚಾರಿಸಿದಾಗ. ಬೆರಳಿಗೆ ತಗಲಿದ ಶಾಯಿ ಕೆಲವೇ ದಿನಗಳಲ್ಲಿ ಮಾಸುತ್ತದೆ, ಹಚ್ಚೆಯ ಶಾಯಿ ಜೀವಮಾನವಿಡೀ ಉಳಿಯುತ್ತದೆ. ಒಂದು ತರಚುಗಾಯ ಗುರುತಿಲ್ಲದೆ ಮಾಯುತ್ತದೆ, ಇನ್ನೊಂದು ಕಲೆ ಬಿಟ್ಟೇ ಹೋಗುತ್ತದೆ. ಈ ವ್ಯತ್ಯಾಸಗಳೆಲ್ಲ ಒಂದೆರಡು ಮಿಲಿಮೀಟರಿನೊಳಗೆ ತೀರ್ಮಾನವಾಗುವಂಥವು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಆಳದ ಲೆಕ್ಕ ಮತ್ತೆ ಮತ್ತೆ ಬರುತ್ತದೆ.

ಚರ್ಮವೇ ದೇಹದ ಅತಿ ದೊಡ್ಡ ಅಂಗ ಎನ್ನುವುದು ನಿಜವೇ?

ಲೆಕ್ಕ ಹಾಕುವ ಬಗೆಯನ್ನು ಅವಲಂಬಿಸಿದೆ. ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರ್ ಇರುತ್ತದೆ. ಅಡಿಯಲ್ಲಿರುವ ಕೊಬ್ಬಿನ ಪದರವನ್ನೂ ಸೇರಿಸಿದರೆ ಅದರ ತೂಕ ದೇಹತೂಕದ ಶೇ. 15ರ ಆಸುಪಾಸಿಗೆ ಬರುತ್ತದೆ; ಕೊಬ್ಬನ್ನು ಬಿಟ್ಟರೆ ಸಾಕಷ್ಟು ಕಡಿಮೆಯಾಗುತ್ತದೆ. ವಿಸ್ತೀರ್ಣವೊಂದನ್ನೇ ನೋಡುವುದಾದರೆ ಶ್ವಾಸಕೋಶದ ಗಾಳಿಗೂಡುಗಳ ಒಳಮೈ ಹತ್ತಾರು ಚದರ ಮೀಟರಿನಷ್ಟಿದ್ದು ಚರ್ಮವನ್ನು ಸುಲಭವಾಗಿ ಮೀರಿಸುತ್ತದೆ. ಪಠ್ಯಪುಸ್ತಕಗಳು ಕೊಡುವ ಈ ಬಿರುದಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನೀರನ್ನು ಒಳಗೆ ಹಿಡಿದಿಡುವುದು, ರೋಗಾಣುಗಳನ್ನು ಹೊರಗಿಡುವುದು, ಮೈಯ ಶಾಖವನ್ನು ಹದದಲ್ಲಿಡುವುದು, ಸ್ಪರ್ಶ ಮತ್ತು ನೋವನ್ನು ತಿಳಿಸುವುದು, ವಿಟಮಿನ್ ಡಿ ತಯಾರಿಸುವುದು, ಇಷ್ಟನ್ನೂ ಒಂದೇ ಅಂಗ ಏಕಕಾಲಕ್ಕೆ ಮಾಡುತ್ತದೆ ಎಂಬುದು ಅದಕ್ಕಿಂತ ಗಮನಾರ್ಹವಾದ ಸಂಗತಿ.

ಚರ್ಮದಲ್ಲಿ ಎಷ್ಟು ಪದರಗಳಿವೆ? ಅದು ಎಷ್ಟು ದಪ್ಪವಿರುತ್ತದೆ?

ಮುಖ್ಯವಾಗಿ ಎರಡು ಪದರಗಳು: ಮೇಲೆ ಹೊರಚರ್ಮ, ಅದರ ಕೆಳಗೆ ಒಳಚರ್ಮ. ಇವೆರಡರ ಅಡಿಯಲ್ಲಿರುವ ಕೊಬ್ಬಿನ ಪದರವನ್ನು ಕೆಲವರು ಚರ್ಮದ ಮೂರನೆಯ ಪದರವೆಂದು ಎಣಿಸುತ್ತಾರೆ, ಕೆಲವರು ಬೇರೆಯಾಗಿ ಇಡುತ್ತಾರೆ.

ಮೈಯ ಹೆಚ್ಚಿನ ಭಾಗಗಳಲ್ಲಿ ಹೊರಚರ್ಮದ ದಪ್ಪ 0.1 ಮಿ.ಮೀ. ಆಸುಪಾಸಿನಲ್ಲಿದೆ, ಅಂದರೆ ಒಂದು ಹಾಳೆ ಕಾಗದದಷ್ಟು. ಕಣ್ಣುರೆಪ್ಪೆಯಲ್ಲಿ ಅದರ ಅರ್ಧದಷ್ಟಿದ್ದರೆ, ಅಂಗಾಲಿನಲ್ಲಿ ಸುಮಾರು 1.5 ಮಿ.ಮೀ.ವರೆಗೂ ಬೆಳೆದಿರುತ್ತದೆ. ಒಳಚರ್ಮ ಇದಕ್ಕಿಂತ ಹಲವು ಪಟ್ಟು ದಪ್ಪ. ಬೆನ್ನಿನಲ್ಲಿ ಅದು 3 ಮಿ.ಮೀ. ಮೀರುವುದುಂಟು. ಅಂಗಾಲಿನ ಚರ್ಮ ದಪ್ಪವಾಗಿರುವುದು ಹೊರಚರ್ಮದಿಂದ, ಬೆನ್ನಿನದು ದಪ್ಪವಾಗಿರುವುದು ಒಳಚರ್ಮದಿಂದ ಎಂಬುದನ್ನು ನೆನಪಿಟ್ಟುಕೊಂಡರೆ, ಎರಡೂ ‘ದಪ್ಪ ಚರ್ಮ’ವಾಗಿದ್ದರೂ ಮುಟ್ಟಿದಾಗ ಏಕೆ ಬೇರೆಬೇರೆ ಎನಿಸುತ್ತವೆ ಎಂಬುದು ತಿಳಿಯುತ್ತದೆ.

ಹೊಸ ಚರ್ಮ ಎಲ್ಲಿ ಹುಟ್ಟುತ್ತದೆ, ಹಳೆಯದು ಎಲ್ಲಿ ಹೋಗುತ್ತದೆ?

ಹೊರಚರ್ಮದ ತಳದಲ್ಲಿ ಒಂದೇ ಸಾಲಿನಲ್ಲಿ ನಿಂತಿರುವ ಜೀವಕೋಶಗಳು ಸದಾ ವಿಭಜನೆಯಾಗುತ್ತಿರುತ್ತವೆ. ಹೀಗೆ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತ ಸಾಗಿದಂತೆ ಅದರೊಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಳ್ಳುತ್ತದೆ. ಮೊದಲು ಅದು ನೆರೆಯ ಕೋಶಗಳಿಗೆ ನೂರಾರು ಬಿಗಿ ಕೊಂಡಿಗಳಿಂದ ಅಂಟಿಕೊಂಡಿರುತ್ತದೆ. ಇನ್ನಷ್ಟು ಮೇಲೆ ಬಂದಾಗ ಒಳಗಿದ್ದ ಕೊಬ್ಬಿನಂಶವನ್ನು ಹೊರಚೆಲ್ಲಿ, ಕೋಶಕೇಂದ್ರವನ್ನೇ ಕಳೆದುಕೊಂಡು, ಚಪ್ಪಟೆಯಾಗಿ ಸಾಯುತ್ತದೆ. ಹೀಗೆ ಸತ್ತ ಕೋಶಗಳ ಹದಿನೈದು ಇಪ್ಪತ್ತು ಸಾಲುಗಳೇ ನಾವು ಕಣ್ಣಿಂದ ಕಾಣುವ, ಕೈಯಿಂದ ಮುಟ್ಟುವ ಚರ್ಮ. ತಳದಿಂದ ಹೊರಟು ಪುಡಿಯಾಗಿ ಉದುರುವವರೆಗಿನ ಈ ಪಯಣಕ್ಕೆ ಯೌವನದಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ವಯಸ್ಸಾದಂತೆ ಇನ್ನೂ ನಿಧಾನವಾಗುತ್ತದೆ. ಉದುರುವ ಚೂರುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೆತ್ತಿಯಲ್ಲಿ ಈ ಕೆಲಸ ಅವಸರದಲ್ಲಿ ನಡೆದು ಕೋಶಗಳು ಗುಂಪುಗುಂಪಾಗಿ ಕಳಚಿದಾಗ ಮಾತ್ರ ಅದನ್ನು ತಲೆಹೊಟ್ಟು ಎಂದು ಗುರುತಿಸುತ್ತೇವೆ.

ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ. ಅದಕ್ಕೆ ಬೇಕಾದ ಆಹಾರ ಕೆಳಗಿನ ಒಳಚರ್ಮದಿಂದ ಜಿನುಗಿ ಬರುತ್ತದೆ. ಬ್ಲೇಡು ತಾಗಿ ತೆಳುವಾದ ಸಿಪ್ಪೆ ಎದ್ದರೂ ರಕ್ತ ಬರಲಿಲ್ಲವೆಂದರೆ ಗಾಯ ಹೊರಚರ್ಮವನ್ನು ದಾಟಿಲ್ಲ ಎಂದೇ ಅರ್ಥ. ಹೊಸ ಚಪ್ಪಲಿ ಕಚ್ಚಿದಾಗ ಬರುವ ಗುಳ್ಳೆಯೂ ಹೀಗೆಯೇ: ತಿಕ್ಕಾಟದಿಂದ ಹೊರಚರ್ಮದ ಮಧ್ಯದಲ್ಲಿ ಕೋಶಗಳ ನಡುವಿನ ಬಂಧ ಹರಿದು, ಆ ಬಿರುಕಿನಲ್ಲಿ ತಿಳಿ ದ್ರವ ತುಂಬಿಕೊಳ್ಳುತ್ತದೆ. ಗುಳ್ಳೆಯೊಳಗೆ ರಕ್ತ ಕಂಡರೆ ಪೆಟ್ಟು ಒಳಚರ್ಮದವರೆಗೂ ಮುಟ್ಟಿದೆ. ಒಂದೇ ಜಾಗ ತಿಂಗಳುಗಟ್ಟಲೆ ಉಜ್ಜುತ್ತಿದ್ದರೆ ಚರ್ಮ ಗುಳ್ಳೆಯೇಳುವ ಬದಲು ಸತ್ತ ಕೋಶಗಳ ಪದರವನ್ನೇ ದಪ್ಪ ಮಾಡಿಕೊಂಡು ಜಡ್ಡುಗಟ್ಟುತ್ತದೆ.

ಮೇಲಿರುವುದು ಸತ್ತ ಕೋಶಗಳೇ ಆದರೆ ಅವನ್ನು ಚೆನ್ನಾಗಿ ತಿಕ್ಕಿ ತೆಗೆದುಬಿಡುವುದು ಒಳ್ಳೆಯದಲ್ಲವೇ?

ಅಲ್ಲ. ಸತ್ತ ಕೋಶಗಳೆಂದರೆ ಕಸ ಎಂಬ ಭಾವನೆ ಜಾಹೀರಾತುಗಳು ಬೆಳೆಸಿದ್ದು. ವಾಸ್ತವದಲ್ಲಿ ಚರ್ಮದ ಕಾವಲು ಕೆಲಸ ಬಹುಪಾಲು ನಡೆಯುವುದು ಆ ಪದರದಲ್ಲೇ. ಅದರ ರಚನೆ ಇಟ್ಟಿಗೆ ಗೋಡೆಯಂತಿದೆ: ಕೆರಾಟಿನ್ ತುಂಬಿದ ಚಪ್ಪಟೆ ಕೋಶಗಳು ಇಟ್ಟಿಗೆಗಳಾದರೆ, ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಮಿಶ್ರಣ ಅವುಗಳ ನಡುವಿನ ಗಾರೆ. ಈ ಗಾರೆ ಇರುವುದರಿಂದಲೇ ಬೆವರದೆ ಸುಮ್ಮನೆ ಕುಳಿತ ಮನುಷ್ಯನ ಚರ್ಮದ ಮೂಲಕ ದಿನವೊಂದಕ್ಕೆ ಆವಿಯಾಗುವ ನೀರು ಸುಮಾರು 300ರಿಂದ 400 ಮಿಲಿಲೀಟರಿಗೆ ಸೀಮಿತವಾಗಿದೆ. ದೊಡ್ಡ ಪ್ರಮಾಣದಲ್ಲಿ ಚರ್ಮ ಸುಟ್ಟುಹೋದವರಲ್ಲಿ ಈ ತಡೆ ಇಲ್ಲವಾಗಿ, ದೇಹದ ದ್ರವ ಲೀಟರುಗಟ್ಟಲೆ ಸೋರಿಹೋಗುತ್ತದೆ.

ತುಂಬಾ ಬಿಸಿಯಾದ ನೀರು, ಕಟುವಾದ ಸಾಬೂನು, ಒರಟು ಉಜ್ಜುಗ ಇವು ಮೂರೂ ಆ ಕೊಬ್ಬಿನ ಮಿಶ್ರಣವನ್ನು ತೊಳೆದುಹಾಕುತ್ತವೆ. ಆಗ ಚರ್ಮ ಬಿಗಿದಂತಾಗಿ, ಬಿಳಿಚಿಕೊಂಡು, ತುರಿಸತೊಡಗುತ್ತದೆ. ಸ್ನಾನವಾದ ಕೂಡಲೇ, ಮೈಯಲ್ಲಿ ಇನ್ನೂ ತೇವವಿರುವಾಗಲೇ ತೇವಕಾರಕ ಹಚ್ಚಿಕೊಳ್ಳಿ ಎಂದು ಚರ್ಮವೈದ್ಯರು ಹೇಳುವುದು ಒಳಗಿರುವ ನೀರನ್ನು ಅಲ್ಲೇ ಹಿಡಿದಿಡಲು.

ಕ್ರೀಮಿನಲ್ಲಿರುವ ಕೊಲಾಜನ್ ಎಂಬ ನಾರುಪ್ರೋಟೀನ್ ಚರ್ಮದೊಳಗೆ ಸೇರುತ್ತದೆಯೇ?

ಸೇರುವುದಿಲ್ಲ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುತೂಕದ ಮಾನ) ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಬಲು ಕಷ್ಟ ಎಂಬುದು ಔಷಧ ತಯಾರಕರು ಅನುಸರಿಸುವ ಸ್ಥೂಲ ನಿಯಮ. ಕೊಲಾಜನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಅದು ಮೇಲೆಯೇ ಉಳಿದು ಸ್ವಲ್ಪ ಹೊತ್ತು ತೇವ ಹಿಡಿದಿಡಬಹುದು, ಅಷ್ಟೆ. ನಿಕೋಟಿನ್ ಅಣು 162 ಡಾಲ್ಟನ್ ಮಾತ್ರ ಇರುವುದರಿಂದ ಧೂಮಪಾನ ಬಿಡುವವರಿಗೆ ಕೊಡುವ ಅಂಟುಪಟ್ಟಿಯಿಂದ ಅದು ಸಲೀಸಾಗಿ ಒಳಗಿಳಿದು ರಕ್ತ ಸೇರುತ್ತದೆ.

ಒಳಚರ್ಮದ ಕೆಲಸವೇನು?

ಚರ್ಮಕ್ಕೆ ಗಟ್ಟಿತನ ಕೊಡುವುದು ಇದೇ. ನೀರಿನಂಶ ತೆಗೆದು ತೂಗಿದರೆ ಒಳಚರ್ಮದ ಸುಮಾರು ಮುಕ್ಕಾಲು ಪಾಲು ಕೊಲಾಜನ್ ನಾರುಗಳೇ; ಎಳೆದಾಗ ಹರಿಯದಂತೆ ತಡೆಯುವುದು ಅವು. ಜೊತೆಗಿರುವ ಎಲಾಸ್ಟಿನ್ ನಾರುಗಳು ಪ್ರಮಾಣದಲ್ಲಿ ಕಡಿಮೆಯಾದರೂ, ಎಳೆದು ಬಿಟ್ಟ ಚರ್ಮ ಮೊದಲಿನ ಜಾಗಕ್ಕೆ ಮರಳುವುದು ಅವುಗಳಿಂದ. ಚಪ್ಪಲಿ, ಚೀಲಗಳಿಗೆ ಬಳಸುವ ತೊಗಲು ಪ್ರಾಣಿಯ ಒಳಚರ್ಮವೇ. ಹದ ಮಾಡುವಾಗ ಮೇಲಿನ ಹೊರಚರ್ಮವನ್ನೂ ಕೆಳಗಿನ ಕೊಬ್ಬನ್ನೂ ಕೆರೆದು ತೆಗೆದಿರುತ್ತಾರೆ.

ರಕ್ತನಾಳಗಳು, ನರಗಳು, ಬೆವರು ಮತ್ತು ತೈಲ ಗ್ರಂಥಿಗಳು, ಕೂದಲಿನ ಬುಡಗಳು ಎಲ್ಲವೂ ಇಲ್ಲಿ ನೆಲೆಸಿವೆ. ಒಳಚರ್ಮದ ಮೇಲ್ಭಾಗ ಸಣ್ಣ ಸಣ್ಣ ಉಬ್ಬುಗಳಾಗಿ ಎದ್ದು ಹೊರಚರ್ಮದ ತಗ್ಗುಗಳೊಳಗೆ ಕೂತುಕೊಂಡಿರುವುದರಿಂದ ಎರಡೂ ಪದರಗಳು ಜಾರದೆ ನಿಲ್ಲುತ್ತವೆ. ವೃದ್ಧಾಪ್ಯದಲ್ಲಿ ಈ ಉಬ್ಬುಗಳು ಚಪ್ಪಟೆಯಾಗುತ್ತವೆ. ವಯಸ್ಸಾದವರ ಮುಂಗೈಯಿಂದ ಅಂಟುಪಟ್ಟಿ ಕೀಳುವಾಗ ಚರ್ಮವೇ ಕಿತ್ತುಬರುವ ಅಪಾಯ ಅದಕ್ಕೇ. ಕೊಲಾಜನ್ ನಾರುಗಳು ದೇಹದ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕಿಗೆ ಹೆಚ್ಚಾಗಿ ಹರಿದಿರುತ್ತವೆ. ಈ ಬಿಗಿತದ ರೇಖೆಗಳನ್ನು 1861ರಲ್ಲಿ ವಿಯೆನ್ನಾದ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ಲಾಂಗರ್ ವಿವರಿಸಿದರು. ಶಸ್ತ್ರಚಿಕಿತ್ಸಕರು ಸಾಧ್ಯವಾದಲ್ಲೆಲ್ಲ ಇಂಥ ರೇಖೆಗಳ ಗುಂಟ ಕೊಯ್ಯುತ್ತಾರೆ, ಏಕೆಂದರೆ ಅಡ್ಡಲಾಗಿ ಕೊಯ್ದರೆ ಗಾಯ ಬಾಯ್ದೆರೆದು ಕಲೆ ಅಗಲವಾಗುತ್ತದೆ.

ಅಡಿಯಲ್ಲಿರುವ ಕೊಬ್ಬು ಏತಕ್ಕೆ?

ಪೆಟ್ಟನ್ನು ತಾಳಿಕೊಳ್ಳಲು, ಶಾಖ ಸೋರದಂತೆ ನೋಡಿಕೊಳ್ಳಲು ಮತ್ತು ಶಕ್ತಿಯನ್ನು ಕೂಡಿಡಲು. ಇನ್ಸುಲಿನ್ ಚುಚ್ಚುಮದ್ದನ್ನು ಈ ಪದರಕ್ಕೇ ಕೊಡುತ್ತಾರೆ; ಸ್ನಾಯುವಿಗಿಂತ ಇಲ್ಲಿಂದ ಔಷಧ ನಿಧಾನವಾಗಿ, ಒಂದೇ ಹದದಲ್ಲಿ ರಕ್ತ ಸೇರುತ್ತದೆ.

ಜನರ ಚರ್ಮದ ಬಣ್ಣ ಬೇರೆಬೇರೆಯಾಗಿರುವುದು ಏಕೆ?

ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್. ಇದನ್ನು ತಯಾರಿಸುವ ವರ್ಣಕೋಶಗಳು ಹೊರಚರ್ಮದ ತಳದ ಸಾಲಿನಲ್ಲಿ ಅಲ್ಲಲ್ಲಿ ಕೂತಿವೆ. ಒಂದೊಂದು ವರ್ಣಕೋಶವೂ ತನ್ನ ಕವಲುಗಳ ಮೂಲಕ ಸುತ್ತಲಿನ ಮೂವತ್ತಕ್ಕೂ ಹೆಚ್ಚು ಕೋಶಗಳಿಗೆ ಮೆಲನಿನ್ ಕಣಗಳನ್ನು ಹಂಚುತ್ತದೆ. ಕಪ್ಪು ಮೈಬಣ್ಣದವರಲ್ಲಿ ವರ್ಣಕೋಶಗಳ ಸಂಖ್ಯೆ ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಸಂಖ್ಯೆ ಎಲ್ಲ ಜನರಲ್ಲೂ ಹೆಚ್ಚುಕಡಿಮೆ ಒಂದೇ. ಕಣಗಳ ಗಾತ್ರ, ಅವುಗಳಲ್ಲಿರುವ ಮೆಲನಿನ್‌ನ ಬಗೆ, ಅವು ಬಿಡಿಬಿಡಿಯಾಗಿ ಹರಡಿವೆಯೇ ಗುಂಪುಗೂಡಿವೆಯೇ, ಎಷ್ಟು ಬೇಗ ಕರಗಿಹೋಗುತ್ತವೆ ಎಂಬ ಅಂಶಗಳು ಬಣ್ಣವನ್ನು ನಿರ್ಧರಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಕಣಗಳು ಕೋಶಕೇಂದ್ರದ ಮೇಲ್ಭಾಗದಲ್ಲಿ, ಅಂದರೆ ಬಿಸಿಲು ಬೀಳುವ ಕಡೆಗೇ, ಒಟ್ಟುಗೂಡಿರುವುದು ಕಾಣುತ್ತದೆ. ಅತಿನೇರಳೆ ಕಿರಣಗಳು ಡಿಎನ್‌ಎಗೆ ತಾಗುವ ಮೊದಲೇ ಮೆಲನಿನ್ ಅವನ್ನು ಹೀರಿಕೊಳ್ಳುತ್ತದೆ.

ಹುಟ್ಟಿನಿಂದ ಬರುವ ಬಿಳುಪುರೋಗದಲ್ಲಿ (ಆಲ್ಬಿನಿಸಂ) ವರ್ಣಕೋಶಗಳು ಇದ್ದರೂ ಅವುಗಳಿಗೆ ಮೆಲನಿನ್ ತಯಾರಿಸಲು ಆಗುವುದಿಲ್ಲ. ತೊನ್ನಿನಲ್ಲಿ ಹಾಗಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ವರ್ಣಕೋಶಗಳನ್ನು ನಾಶಮಾಡುತ್ತದೆ. ತೊನ್ನು ಅಂಟುರೋಗವಲ್ಲ, ಕುಷ್ಠಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮೆಲನಿನ್ ಅಲ್ಲದೆ ರಕ್ತದ ಹಿಮೋಗ್ಲೋಬಿನ್ ಕೆಂಪು ಛಾಯೆಯನ್ನು ಕೊಡುತ್ತದೆ. ಕಾಮಾಲೆಯಲ್ಲಿ ಬಿಲಿರುಬಿನ್ ಸೇರಿ ಹಳದಿಯಾಗುತ್ತದೆ, ಆಮ್ಲಜನಕ ಕಡಿಮೆಯಾದರೆ ನೀಲಿಗಟ್ಟುತ್ತದೆ. ಗಾಢ ಮೈಬಣ್ಣದವರಲ್ಲಿ ಈ ಬದಲಾವಣೆಗಳನ್ನು ಕಣ್ಣಿನ ಬಿಳಿಭಾಗ, ನಾಲಿಗೆ ಮತ್ತು ಒಸಡುಗಳಲ್ಲಿ ಹುಡುಕಬೇಕು. ವೈದ್ಯಕೀಯ ಪುಸ್ತಕಗಳ ಚಿತ್ರಗಳು ಬಹುಕಾಲ ಬಿಳಿ ಚರ್ಮದವೇ ಆಗಿದ್ದುದರಿಂದ ‘ಕೆಂಪಗಾಗುವುದು’ ಉರಿಯೂತದ ಲಕ್ಷಣವೆಂದು ರೂಢಿಯಾಗಿದೆ; ಗಾಢ ಚರ್ಮದಲ್ಲಿ ಅದೇ ಉರಿಯೂತ ಕಂದು ಇಲ್ಲವೇ ನೇರಳೆಯಾಗಿ ಕಾಣುತ್ತದೆ. ಬಿಳುಪು ಮಾಡುತ್ತೇವೆನ್ನುವ ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸ ಇಲ್ಲವೇ ಪ್ರಬಲ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಮೊದಲನೆಯದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಎರಡನೆಯದು ಚರ್ಮವನ್ನು ತೆಳುವಾಗಿಸುತ್ತದೆ.

ಬಿಸಿಲು ಚರ್ಮಕ್ಕೆ ಒಳ್ಳೆಯದೋ ಕೆಟ್ಟದ್ದೋ?

ಎರಡೂ ಹೌದು. ನೆಲಕ್ಕೆ ತಲಪುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆಯಿವೆ. ಯುವಿ-ಬಿ ಬಹುಮಟ್ಟಿಗೆ ಹೊರಚರ್ಮದಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಚರ್ಮ ಸುಡುವುದು ಮುಖ್ಯವಾಗಿ ಇದರಿಂದ, ವಿಟಮಿನ್ ಡಿ ದೊರೆಯುವುದೂ ಇದರಿಂದಲೇ. ಯುವಿ-ಎ ಒಳಚರ್ಮದವರೆಗೆ ಇಳಿದು ವರ್ಷಗಟ್ಟಲೆ ಸದ್ದಿಲ್ಲದೆ ಕೊಲಾಜನ್ನನ್ನು ಹಾಳುಮಾಡುತ್ತದೆ. ಕಿಟಕಿಯ ಗಾಜು ಯುವಿ-ಬಿಯನ್ನು ಬಹುಪಾಲು ತಡೆದು ಯುವಿ-ಎಯನ್ನು ಹೆಚ್ಚಾಗಿ ಒಳಬಿಡುವುದರಿಂದ, ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿದವರಿಗೆ ಲಾಭವಿಲ್ಲದೆ ನಷ್ಟ ಮಾತ್ರ ಸಿಗುತ್ತದೆ.

ಯುವಿ-ಬಿ ಬಿದ್ದಾಗ ಚರ್ಮದಲ್ಲಿರುವ ಕೊಲೆಸ್ಟರಾಲ್ ಸಂಬಂಧಿ ವಸ್ತುವೊಂದು ವಿಟಮಿನ್ ಡಿ3 ಆಗಿ ಮಾರ್ಪಡುತ್ತದೆ. ಅದು ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಬದಲಾವಣೆ ಹೊಂದಿದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ, ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುತ್ತದೆ. ಸನ್‌ಸ್ಕ್ರೀನ್ ಮೇಲೆ ಬರೆದಿರುವ ಎಸ್‌ಪಿಎಫ್ ಸಂಖ್ಯೆ ಯುವಿ-ಬಿಯಿಂದಾಗುವ ಸುಡುವಿಕೆಗೆ ಸಂಬಂಧಿಸಿದ್ದು: 15 ಎಂದಿದ್ದರೆ ಸುಮಾರು ಶೇ. 93, 30 ಎಂದಿದ್ದರೆ ಸುಮಾರು ಶೇ. 97ರಷ್ಟು ತಡೆ. ಈ ಲೆಕ್ಕ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಷ್ಟು ದಪ್ಪವಾಗಿ ಹಚ್ಚಿದಾಗಿನದು. ಜನ ಸಾಮಾನ್ಯವಾಗಿ ಅದಕ್ಕಿಂತ ಬಹಳ ತೆಳುವಾಗಿ ಹಚ್ಚುವುದರಿಂದ ಸಿಗುವ ರಕ್ಷಣೆಯೂ ಕಡಿಮೆ.

ಬೆವರುವುದರಿಂದ ಮೈ ತಂಪಾಗುವುದು ಹೇಗೆ?

ಬೆವರು ಹೊರಬಂದರೆ ಸಾಲದು, ಆವಿಯಾಗಬೇಕು. ಚರ್ಮದ ಮೇಲಿಂದ ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಟುಹೋಗುತ್ತದೆ. ಹನಿಯಾಗಿ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ 35 ಡಿಗ್ರಿಯೂ ಅಸಹನೀಯವಾಗುವುದು, ಒಣ ಹವೆಯಲ್ಲಿ 40 ಡಿಗ್ರಿಯನ್ನೂ ತಾಳಿಕೊಳ್ಳಲಾಗುವುದು ಈ ಕಾರಣಕ್ಕೆ.

ಮೈಯೆಲ್ಲ ಸೇರಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಬಿಸಿಲಲ್ಲಿ ಕಠಿಣ ದುಡಿಮೆ ಮಾಡುವವರು ಗಂಟೆಗೆ ಒಂದು ಲೀಟರಿಗಿಂತಲೂ ಹೆಚ್ಚು ಬೆವರಬಲ್ಲರು. ಬೆವರಿನ ಜೊತೆಜೊತೆಗೆ ಒಳಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ತಂಪಿನಲ್ಲಿ ವಿಶ್ರಮಿಸುವಾಗ ಚರ್ಮದ ಕಡೆ ಹರಿಯುವ ರಕ್ತ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆಯಿದ್ದರೆ, ತೀವ್ರ ಶಾಖದಲ್ಲಿ ಅದು 7 ಲೀಟರಿನಷ್ಟಕ್ಕೂ ಏರುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಬಿಸಿಗಾಳಿಯ ದಿನಗಳು ಅಪಾಯಕಾರಿಯಾಗಲು ಈ ಹೆಚ್ಚುವರಿ ಹೊರೆಯೂ ಒಂದು ಕಾರಣ.

ಅಂಗೈ ಮತ್ತು ಅಂಗಾಲಿನ ಗ್ರಂಥಿಗಳು ಸೆಖೆಗಿಂತ ಹೆಚ್ಚಾಗಿ ಆತಂಕಕ್ಕೆ ಸ್ಪಂದಿಸುತ್ತವೆ. ಕಂಕುಳು ಮತ್ತು ತೊಡೆಸಂದಿನಲ್ಲಿ ಇನ್ನೊಂದು ಬಗೆಯ ಗ್ರಂಥಿಗಳಿದ್ದು, ಅವು ಹರೆಯದಲ್ಲಿ ಚುರುಕಾಗುತ್ತವೆ. ಅವುಗಳ ಸ್ರಾವಕ್ಕೆ ಆರಂಭದಲ್ಲಿ ವಾಸನೆ ಇರುವುದಿಲ್ಲ; ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ.

ಚಳಿಯಾದಾಗ ಮೈ ನವಿರೇಳುವುದೇಕೆ?

ಪ್ರತಿ ಕೂದಲಿನ ಬುಡಕ್ಕೂ ಅಂಟಿಕೊಂಡ ಪುಟ್ಟ ಸ್ನಾಯು ಬಿಗಿಯುವುದರಿಂದ. ದಟ್ಟ ರೋಮವಿರುವ ಪ್ರಾಣಿಗಳಲ್ಲಿ ಇದು ಬೆಚ್ಚಗಿನ ಗಾಳಿಯನ್ನು ಹಿಡಿದಿಡುತ್ತದೆ. ಮನುಷ್ಯರಲ್ಲಿ ಆ ಪ್ರಯೋಜನ ನಾಮಮಾತ್ರ.

ಚರ್ಮ ಸ್ಪರ್ಶವನ್ನು ಗುರುತಿಸುವುದು ಹೇಗೆ?

ಒಂದೇ ಬಗೆಯ ನರದಿಂದ ಅಲ್ಲ. ಹೊರಚರ್ಮದ ತಳದಲ್ಲಿರುವ ಮರ್ಕೆಲ್ ಕೋಶಗಳು ಅಂಚು, ಮೂಲೆ, ಒತ್ತಡಗಳನ್ನು ಗುರುತಿಸುತ್ತವೆ. ಅವುಗಳಿಗೆ ಹೊಂದಿಕೊಂಡಂತೆ ಕೆಳಗಿರುವ ಮೈಸ್ನರ್ ತುದಿಗಳು ಹಗುರವಾಗಿ ಸವರಿದ್ದನ್ನು, ಕೈಯಲ್ಲಿ ಹಿಡಿದ ವಸ್ತು ಜಾರುತ್ತಿರುವುದನ್ನು ತಿಳಿಸುತ್ತವೆ. ರುಫಿನಿ ತುದಿಗಳು ಚರ್ಮದ ಎಳೆತವನ್ನು ಅಳೆಯುತ್ತವೆ. ತೀರಾ ಆಳದಲ್ಲಿರುವ ಪಾಸಿನಿ ತುದಿಗಳಿಗೆ ಕಂಪನ ತಿಳಿಯುತ್ತದೆ. ಮೊಬೈಲ್ ಜೇಬಿನಲ್ಲಿ ನಡುಗಿದಾಗ ಅರಿವಾಗುವುದು ಇವುಗಳ ಮೂಲಕ. ನೋವು, ಬಿಸಿ, ತಂಪು ಮತ್ತು ತುರಿಕೆಗೆ ಯಾವ ಕವಚವೂ ಇಲ್ಲದ ಬರಿ ನರತುದಿಗಳಿವೆ.

ಪಾಸಿನಿ ತುದಿಗಳನ್ನು ಫಿಲಿಪ್ಪೊ ಪಾಸಿನಿ ಇಟಲಿಯಲ್ಲಿ ಕೈಯೊಂದನ್ನು ಛೇದಿಸುತ್ತಿದ್ದಾಗ ಗುರುತಿಸಿದ್ದು 1831ರಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ. ಹೊರಚರ್ಮದಲ್ಲಿ ರೋಗಾಣುಗಳ ಮೇಲೆ ಕಣ್ಣಿಡುವ ಕವಲು ಕೋಶಗಳನ್ನು 1868ರಲ್ಲಿ ಕಂಡ ಪಾಲ್ ಲಾಂಗರ್‌ಹಾನ್ಸ್ ಕೂಡ ಆಗ ವಿದ್ಯಾರ್ಥಿಯೇ. ಅವುಗಳ ಆಕಾರ ನೋಡಿ ನರಕೋಶಗಳೆಂದು ಭಾವಿಸಿದ್ದರು. ಇನ್ನು ಬಿಸಿಯನ್ನು ಅರಿಯುವ ಅಣುವಿನ ವಿಷಯ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದಾಗ ತೆರೆದುಕೊಳ್ಳುವ ನರತುದಿಯ ಪ್ರೋಟೀನ್ ದ್ವಾರವೊಂದು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಗಲಿದರೂ ತೆರೆದುಕೊಳ್ಳುತ್ತದೆ. ಖಾರ ತಾಗಿದ ಚರ್ಮ ಸುಟ್ಟಂತೆ ಉರಿಯುವುದು ಇದಕ್ಕೇ. ಈ ದ್ವಾರವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಒತ್ತಡಕ್ಕೆ ತೆರೆಯುವ ದ್ವಾರಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಸ್ಪರ್ಶದ ಸೂಕ್ಷ್ಮತೆ ಎಲ್ಲೆಡೆ ಸಮನಾಗಿಲ್ಲ. ಎರಡು ಮೊನೆಗಳನ್ನು ಬೆರಳತುದಿಗೆ ಒಟ್ಟಿಗೆ ತಾಗಿಸಿದರೆ, ಅವುಗಳ ನಡುವೆ 2-3 ಮಿ.ಮೀ. ಅಂತರವಿದ್ದರೂ ಎರಡೆಂದು ತಿಳಿಯುತ್ತದೆ. ಬೆನ್ನಿನ ಮೇಲೆ 3-4 ಸೆಂಟಿಮೀಟರ್ ದೂರವಿರಿಸಿದರೂ ಒಂದೇ ಎನಿಸಬಹುದು.

ನೀರಿನಲ್ಲಿ ಬಹಳ ಹೊತ್ತು ಇದ್ದರೆ ಬೆರಳು ಸುಕ್ಕುಗಟ್ಟುವುದು ಚರ್ಮ ನೀರು ಕುಡಿದು ಊದುವುದರಿಂದಲೇ?

ಬಹುಕಾಲ ಹಾಗೆಂದೇ ತಿಳಿಯಲಾಗಿತ್ತು. ಆದರೆ ಕೈಯ ನರ ತುಂಡಾದವರಲ್ಲಿ, ಆ ನರಕ್ಕೆ ಸೇರಿದ ಬೆರಳುಗಳು ಎಷ್ಟು ಹೊತ್ತು ನೆನೆದರೂ ಸುಕ್ಕುಗಟ್ಟುವುದಿಲ್ಲ ಎಂಬುದನ್ನು 1930ರ ದಶಕದಲ್ಲೇ ವೈದ್ಯರು ಗಮನಿಸಿದರು. ನೀರು ಬೆವರುರಂಧ್ರಗಳಿಂದ ಒಳಹೊಕ್ಕಾಗ ನರಗಳು ಬೆರಳತುದಿಯ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಒಳಗಿನ ಗಾತ್ರ ಇಳಿದು ಮೇಲಿನ ಚರ್ಮ ನೆರಿಗೆಯಾಗುತ್ತದೆ. ನರಗಳ ಸ್ಥಿತಿಯನ್ನು ತಿಳಿಯಲು ಇದನ್ನೇ ಸರಳ ಪರೀಕ್ಷೆಯಾಗಿ ಬಳಸುವುದುಂಟು.

ಬೆರಳಚ್ಚುಗಳು ಯಾವಾಗ ಮೂಡುತ್ತವೆ?

ಗರ್ಭದಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಆರಂಭವಾಗಿ ಆರನೆಯ ತಿಂಗಳೊಳಗೆ ಅಂತಿಮ ರೂಪಕ್ಕೆ ಬರುತ್ತವೆ. ವಂಶವಾಹಿಗಳ ಜೊತೆಗೆ ಆ ಹೊತ್ತಿನ ಒತ್ತಡ, ಬೆಳವಣಿಗೆಯ ವೇಗಗಳೂ ಸೇರುವುದರಿಂದ ಏಕರೂಪಿ ಅವಳಿಗಳ ಬೆರಳಚ್ಚುಗಳೂ ಬೇರೆಬೇರೆ. ಗೆರೆಗಳ ಮೂಲ ವಿನ್ಯಾಸ ಹೊರಚರ್ಮದ ತಳದಲ್ಲಿರುವುದರಿಂದ ಮೇಲೆ ಸವೆದರೂ ಮತ್ತೆ ಅದೇ ರೂಪದಲ್ಲಿ ಮೂಡುತ್ತವೆ.

ಕೂದಲು ಮತ್ತು ಉಗುರು ಚರ್ಮದ ಭಾಗಗಳೇ?

ಹೌದು, ಎರಡೂ ಹೊರಚರ್ಮ ಒಳಕ್ಕೆ ಮಡಿಚಿ ರೂಪಿಸಿದ ಕೆರಾಟಿನ್ ರಚನೆಗಳು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೈಬೆರಳ ಉಗುರು ಸುಮಾರು 3 ಮಿ.ಮೀ. ಬೆಳೆಯುತ್ತವೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿರಮಿಸಿ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬುದರಲ್ಲಿ ಹುರುಳಿಲ್ಲ, ಏಕೆಂದರೆ ಬ್ಲೇಡು ಮುಟ್ಟುವುದು ಸತ್ತ ಭಾಗವನ್ನು ಮಾತ್ರ, ಬುಡ ಕೆಳಗೆ ಸುರಕ್ಷಿತವಾಗಿರುತ್ತದೆ.

ಮೊಡವೆಗೆ ಕಾರಣ ಕೊಳೆಯೇ?

ಅಲ್ಲ. ಹರೆಯದ ಹಾರ್ಮೋನುಗಳಿಂದ ತೈಲ ಗ್ರಂಥಿ ಹೆಚ್ಚು ಜಿಡ್ಡು ಸುರಿಸುತ್ತದೆ, ಸತ್ತ ಕೋಶಗಳು ರಂಧ್ರವನ್ನು ಮುಚ್ಚುತ್ತವೆ, ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಉರಿಯೂತವಾಗುತ್ತದೆ. ಮತ್ತೆ ಮತ್ತೆ ಮುಖ ತಿಕ್ಕುವುದರಿಂದ ಇದು ಉಲ್ಬಣಿಸಬಹುದು. ಅಂಗೈ ಅಂಗಾಲುಗಳಲ್ಲಿ ತೈಲ ಗ್ರಂಥಿಗಳಿಲ್ಲದ ಕಾರಣ ಅಲ್ಲಿ ಮೊಡವೆ ಏಳುವುದಿಲ್ಲ.

ಚರ್ಮದ ಮೇಲೆ ಸೂಕ್ಷ್ಮಜೀವಿಗಳಿರುವುದು ಅಪಾಯವಲ್ಲವೇ?

ಆರೋಗ್ಯವಂತ ಚರ್ಮದ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್, ಕೂದಲಿನ ಬುಡದಲ್ಲಿ ಕಣ್ಣಿಗೆ ಕಾಣದ ನುಸಿಗಳು ಕೂಡ ನೆಲೆಸಿವೆ. ಚರ್ಮದ ಮೇಲ್ಮೈ ಪಿಎಚ್ ಸುಮಾರು 5ರಷ್ಟು, ಅಂದರೆ ತುಸು ಆಮ್ಲೀಯ. ಈ ವಾತಾವರಣ ಹಳೆಯ ನಿವಾಸಿಗಳಿಗೆ ಒಗ್ಗುತ್ತದೆ, ಹಲವು ರೋಗಾಣುಗಳಿಗೆ ಒಗ್ಗುವುದಿಲ್ಲ. ಚರ್ಮ ಹರಿದು ಆಳಕ್ಕೆ ದಾರಿಯಾದಾಗ ಮಾತ್ರ ನಿರುಪದ್ರವಿಗಳೂ ತೊಂದರೆ ಕೊಡಬಲ್ಲವು.

ಕೆಲವು ಗಾಯಗಳು ಮಾತ್ರ ಕಲೆ ಉಳಿಸುವುದೇಕೆ?

ಹೊರಚರ್ಮಕ್ಕಷ್ಟೇ ಸೀಮಿತವಾದ ಗಾಯವನ್ನು ಅಂಚಿನಿಂದಲೂ ಕೂದಲಿನ ಬುಡಗಳಿಂದಲೂ ಹೊಸ ಕೋಶಗಳು ಹರಿದುಬಂದು ಮುಚ್ಚುತ್ತವೆ, ಗುರುತು ಉಳಿಯುವುದಿಲ್ಲ. ಒಳಚರ್ಮ ಆಳವಾಗಿ ಹರಿದರೆ ದೇಹ ಅವಸರದಲ್ಲಿ ಕೊಲಾಜನ್ ತುಂಬುತ್ತದೆ. ಮೊದಲಿನ ಹೆಣಿಗೆ ಮರಳಿ ಬರುವುದಿಲ್ಲ. ಮೊದಲು ರಕ್ತ ಹೆಪ್ಪುಗಟ್ಟಿ ಹಕ್ಕಳೆಯಾಗುತ್ತದೆ, ಆಮೇಲೆ ಬಿಳಿ ರಕ್ತಕಣಗಳು ಬಂದು ಶುಚಿ ಮಾಡುತ್ತವೆ, ಹೊಸ ಅಂಗಾಂಶ ತುಂಬುತ್ತದೆ, ಕೊನೆಯ ಹಂತದ ಮರುಜೋಡಣೆ ಒಂದು ವರ್ಷಕ್ಕೂ ಮೀರಿ ನಡೆಯಬಹುದು. ಇಷ್ಟಾದರೂ ಕಲೆಯ ಬಲ ಮೂಲ ಚರ್ಮದ ಶೇ. 80ರಷ್ಟನ್ನು ದಾಟುವುದಿಲ್ಲ. ಅಲ್ಲಿ ಕೂದಲಾಗಲಿ ಬೆವರು ಗ್ರಂಥಿಯಾಗಲಿ ಮತ್ತೆ ಹುಟ್ಟುವುದು ಅಪರೂಪ.

ಹಚ್ಚೆ ಉಳಿಯುವುದೂ ಒಳಚರ್ಮದಲ್ಲಿ. ಸೂಜಿ ಅಲ್ಲಿಗೆ ಇಳಿಸಿದ ಶಾಯಿಯನ್ನು ಭಕ್ಷಕ ಕೋಶಗಳು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತಾಗ ಚೆಲ್ಲಿದ ಶಾಯಿಯನ್ನು ಪಕ್ಕದ್ದು ನುಂಗುವುದರಿಂದ ಚಿತ್ರ ಇದ್ದಲ್ಲೇ ಇರುತ್ತದೆ.

ಸುಟ್ಟಗಾಯದ ತೀವ್ರತೆಯನ್ನು ತಿಳಿಯುವುದು ಹೇಗೆ, ಮೊದಲು ಏನು ಮಾಡಬೇಕು?

ಹೊರಚರ್ಮ ಮಾತ್ರ ಸುಟ್ಟರೆ ಕೆಂಪಾಗಿ ಉರಿಯುತ್ತದೆ. ಒಳಚರ್ಮಕ್ಕೂ ತಾಗಿದರೆ ಬೊಬ್ಬೆ ಏಳುತ್ತದೆ, ನೋವು ವಿಪರೀತವಾಗಿರುತ್ತದೆ. ಚರ್ಮ ಪೂರ್ತಿ ಸುಟ್ಟಾಗ ಆ ಜಾಗ ಬಿಳಿಚಿಕೊಂಡು ಅಥವಾ ಕರಿಕಾಗಿ, ತೊಗಲಿನಂತೆ ಗಟ್ಟಿಯಾಗುತ್ತದೆ; ನರತುದಿಗಳೇ ನಾಶವಾಗಿರುವುದರಿಂದ ಅಲ್ಲಿ ನೋವು ತಿಳಿಯದೆ ಹೋಗಬಹುದು. ನೋವಿಲ್ಲವೆಂದು ಸಮಾಧಾನ ಪಡುವುದು ಇಲ್ಲಿ ಅತ್ಯಂತ ಅಪಾಯಕಾರಿ ತಪ್ಪು. ವಿಸ್ತೀರ್ಣವನ್ನು ಅಂದಾಜಿಸಲು ವಯಸ್ಕರಲ್ಲಿ ಒಂಬತ್ತರ ಲೆಕ್ಕ ಬಳಸುತ್ತಾರೆ: ತಲೆ ಮತ್ತು ಕುತ್ತಿಗೆ ಶೇ. 9, ಒಂದೊಂದು ತೋಳು ಶೇ. 9, ಒಂದೊಂದು ಕಾಲು ಶೇ. 18, ಮುಂಡದ ಮುಂಭಾಗ ಶೇ. 18, ಹಿಂಭಾಗ ಶೇ. 18, ಜನನಾಂಗದ ಭಾಗ ಶೇ. 1. ಬೆರಳುಗಳೂ ಸೇರಿದಂತೆ ಗಾಯಾಳುವಿನ ಅಂಗೈ ಸುಮಾರು ಶೇ. 1.

ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಶಾಖ ಆಳಕ್ಕೆ ಇಳಿಯುತ್ತಲೇ ಇರುವುದರಿಂದ ಒಂದೆರಡು ನಿಮಿಷ ಸಾಲದು. ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ, ಶಾಯಿ ಯಾವುದನ್ನೂ ಹಚ್ಚಬಾರದು, ಬೊಬ್ಬೆ ಒಡೆಯಬಾರದು. ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ವಯಸ್ಸಾದಂತೆ ಚರ್ಮದಲ್ಲಿ ಏನು ಬದಲಾಗುತ್ತದೆ?

ಕೊಲಾಜನ್ ತಯಾರಿ ಕುಗ್ಗುತ್ತದೆ, ಎಲಾಸ್ಟಿನ್ ನಾರುಗಳು ಒಡೆಯುತ್ತವೆ, ಅಡಿಯ ಕೊಬ್ಬು ಕರಗುತ್ತದೆ, ಜಿಡ್ಡು ಕಡಿಮೆಯಾಗಿ ಚರ್ಮ ಒಣಗುತ್ತದೆ. ಇದರಲ್ಲಿ ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂಬುದನ್ನು ಯಾರು ಬೇಕಾದರೂ ತಮ್ಮ ಮೈಯಲ್ಲೇ ನೋಡಿಕೊಳ್ಳಬಹುದು: ಮುಂಗೈಯ ಮೇಲ್ಭಾಗದ ಚರ್ಮವನ್ನು ತೋಳಿನ ಒಳಬದಿಯ ಚರ್ಮದ ಪಕ್ಕದಲ್ಲಿಟ್ಟು ನೋಡಿದರೆ, ಎರಡೂ ಒಂದೇ ವಯಸ್ಸಿನವಾದರೂ ಬಿಸಿಲು ಕಂಡ ಭಾಗ ಹೆಚ್ಚು ಸುಕ್ಕಾಗಿ, ಚುಕ್ಕೆಚುಕ್ಕೆಯಾಗಿರುತ್ತದೆ. ಧೂಮಪಾನವೂ ಇದೇ ಬಗೆಯ ಹಾನಿ ಮಾಡುತ್ತದೆ.

ಮಚ್ಚೆಯನ್ನು ವೈದ್ಯರಿಗೆ ಯಾವಾಗ ತೋರಿಸಬೇಕು?

ಹೆಚ್ಚಿನ ಮಚ್ಚೆಗಳು ವರ್ಣಕೋಶಗಳ ನಿರುಪದ್ರವಿ ಗುಂಪುಗಳು. ಎರಡು ಅರ್ಧಗಳು ಒಂದೇ ರೀತಿ ಇಲ್ಲದಿರುವುದು, ಅಂಚು ಕಚ್ಚುಕಚ್ಚಾಗಿರುವುದು, ಒಂದರಲ್ಲೇ ಹಲವು ಬಣ್ಣಗಳಿರುವುದು, ಅಡ್ಡಳತೆ 6 ಮಿ.ಮೀ. ಮೀರಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಕೆಲವು ತಿಂಗಳಲ್ಲಿ ರೂಪ ಬದಲಾಗಿರುವುದು, ತುರಿಸುವುದು ಅಥವಾ ರಕ್ತ ಬರುವುದು ಕಂಡರೆ ತಡಮಾಡದೆ ತೋರಿಸಬೇಕು. ವರ್ಣಕೋಶದ ಕ್ಯಾನ್ಸರ್ ಆದ ಮೆಲನೋಮದಲ್ಲಿ ರೋಗಿಯ ಭವಿಷ್ಯವನ್ನು ಬಹುಮಟ್ಟಿಗೆ ಹೇಳುವುದು ಗಡ್ಡೆ ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂಬುದು. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ರೂಪಿಸಿದ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. 1 ಮಿ.ಮೀ.ಗಿಂತ ತೆಳುವಾಗಿರುವಾಗಲೇ ತೆಗೆದರೆ ಬಹುತೇಕ ರೋಗಿಗಳು ಗುಣವಾಗುತ್ತಾರೆ.

ಗಾಢ ಮೈಬಣ್ಣದವರಲ್ಲಿ ಮೆಲನೋಮ ವಿರಳ. ಬಂದಾಗ ಅದು ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನಡಿ ಕಾಣಿಸಿಕೊಳ್ಳುವುದರಿಂದ ತಡವಾಗಿ ಪತ್ತೆಯಾಗುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನಲ್ಲಿ ಆರಂಭವಾದ ಇಂಥದ್ದೇ ಮೆಲನೋಮದಿಂದ. ಉಗುರಿನಡಿಯ ಕಪ್ಪು ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವಾಗಿದ್ದರೆ ಉಗುರು ಬೆಳೆದಂತೆ ತುದಿಯತ್ತ ಸರಿದು ಹೋಗುತ್ತದೆ. ಹಾಗೆ ಸರಿಯದೆ ಒಂದೇ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಗೆರೆಯಾಗಿ ನಿಂತು ಅಗಲವಾಗುತ್ತ ಹೋದರೆ, ಅಥವಾ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದರೆ, ಚರ್ಮವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು.